ಕೋಡ್‌ಗಿಂತ ಮುಂಚಿನ ಪ್ರಶ್ನೆ

(ಎಂಜಿನಿಯರಿಂಗ್ ವಿದ್ಯಾರ್ಥಿಗಳ ಎದುರು ಆರನ್ ಸ್ವಾರ್ಟ್ಜ್ ಬಗ್ಗೆ ಆಡಿದ ಮಾತಿನ ಬರಹ ರೂಪ)

ಸಮಾಜಕ್ಕೆ ಏನಾದರೂ ಒಳ್ಳೆಯದು ಮಾಡಬೇಕು ಅಂತ ಅನ್ನಿಸಿದ ಕೂಡಲೇ ನಮ್ಮಂಥ ಕೋಡ್ ಬರೆಯುವವರು ಮೊದಲು ಏನು ಮಾಡುತ್ತೇವೆ? ಒಂದು ಆ್ಯಪ್ ಮಾಡುತ್ತೇವೆ. ರೈತರಿಗೊಂದು ಆ್ಯಪ್, ರಕ್ತದಾನಕ್ಕೊಂದು ಆ್ಯಪ್, ಕಸ ಎತ್ತಿಸೋಕೊಂದು ಆ್ಯಪ್. ಹ್ಯಾಕಥಾನ್‌ನಲ್ಲಿ ರಾತ್ರಿಯೆಲ್ಲ ಕೂತು ಮುಗಿಸುತ್ತೇವೆ. ಬೆಳಗ್ಗೆ ಡೆಮೊ, ಮಧ್ಯಾಹ್ನ ಬಹುಮಾನ. ಆಮೇಲೆ ಆ ಆ್ಯಪ್ ಎಲ್ಲಿ ಹೋಯಿತು ಅಂತ ಯಾರಿಗೂ ಗೊತ್ತಿರುವುದಿಲ್ಲ, ಮಾಡಿದವರಿಗೂ. ನಗುತ್ತಿದ್ದೀರಿ ಅಂದರೆ ನಿಮ್ಮದೂ ಒಂದು ಇದೆ ಅಂತಾಯಿತು.

ಇವತ್ತು ನಾನು ಹೇಳಹೊರಟಿರುವ ಹುಡುಗ ಆ್ಯಪ್ ಮಾಡಿ ಹೆಸರು ಮಾಡಿದವನಲ್ಲ. ಅವನ ಹೆಸರು ಆರನ್ ಸ್ವಾರ್ಟ್ಜ್. ಅಮೆರಿಕದ ಷಿಕಾಗೊ ಹತ್ತಿರದ ಹೈಲ್ಯಾಂಡ್ ಪಾರ್ಕ್‌ನವನು. ಹುಟ್ಟಿದ್ದು 1986ರ ನವೆಂಬರ್ 8. ತೀರಿಕೊಂಡಾಗ 26 ವರ್ಷ. ಅವನ ಬಗ್ಗೆ ಓದಲು ಹೊರಟರೆ ಎರಡೇ ಥರದ ಬರಹ ಜಾಸ್ತಿ ಸಿಗುತ್ತವೆ. ಒಂದು, ಬಾಲಪ್ರತಿಭೆ ಅಂತ. ಇನ್ನೊಂದು, ಹುತಾತ್ಮ ಅಂತ. ಎರಡರಿಂದಲೂ ನಿಮಗೆ ಪ್ರಯೋಜನವಿಲ್ಲ. ಬಾಲಪ್ರತಿಭೆ ಆಗುವ ವಯಸ್ಸು ನಿಮಗೆ ದಾಟಿದೆ. ಹುತಾತ್ಮರಾಗುವುದಂತೂ ಬೇಡವೇ ಬೇಡ. ನನಗೆ ಆಸಕ್ತಿ ಇರುವುದು ಅವನು ಕೆಲಸ ಮಾಡುತ್ತಿದ್ದ ರೀತಿಯಲ್ಲಿ. ಅವನು ಬರೆದ ಕೋಡ್ ಎಷ್ಟೋ ಸಲ ತೀರಾ ಸಣ್ಣದು. ನೀವು ಮೂರನೇ ಸೆಮಿಸ್ಟರ್‌ನಲ್ಲೇ ಬರೆಯಬಲ್ಲಂಥದ್ದು. ಆದರೆ ಅದನ್ನು ಎಲ್ಲಿ ಇಡಬೇಕು ಅಂತ ಅವನಿಗೆ ಗೊತ್ತಿತ್ತು.

ಬಾಲ್ಯದ ಕಥೆಯನ್ನು ಬೇಗ ಮುಗಿಸುತ್ತೇನೆ. ವಿಕಿಪೀಡಿಯ ಶುರುವಾಗಿದ್ದು 2001ರಲ್ಲಿ. ಅದಕ್ಕೂ ಮುಂಚೆಯೇ ಈ ಹುಡುಗ ಯಾರು ಬೇಕಾದರೂ ಬಂದು ತಮಗೆ ತಿಳಿದದ್ದನ್ನು ಬರೆಯಬಹುದಾದ ಒಂದು ವೆಬ್‌ಸೈಟ್ ಮಾಡಿದ್ದ. ಸುದ್ದಿ ತಾಣಗಳಲ್ಲಿ, ಬ್ಲಾಗ್‌ಗಳಲ್ಲಿ ಹೊಸದೇನು ಬಂತು ಅಂತ ತಾನಾಗಿಯೇ ನಮ್ಮ ಹತ್ತಿರ ತಂದುಕೊಡುವ ಆರ್‌ಎಸ್‌ಎಸ್ ಅನ್ನೋ ಏರ್ಪಾಡು ಇದೆಯಲ್ಲ, ಅದರ 1.0 ಆವೃತ್ತಿಯ ನಿಯಮಗಳನ್ನು 2000ದ ಡಿಸೆಂಬರ್‌ನಲ್ಲಿ ಪ್ರಕಟಿಸಿದ ಗುಂಪಿನಲ್ಲಿ ಇವನಿದ್ದ. ಆಗ ವಯಸ್ಸು 14. ಇಮೇಲ್‌ನಲ್ಲೇ ಚರ್ಚೆ ನಡೆಯುತ್ತಿದ್ದರಿಂದ ಎದುರಿಗಿರುವವನು ಎಷ್ಟು ಚಿಕ್ಕವನು ಅಂತ ಯಾರಿಗೂ ಗೊತ್ತಿರಲಿಲ್ಲ. ಸಭೆಗೆ ಬಾ ಅಂತ ಕರೆದಾಗ 'ನಮ್ಮಮ್ಮ ಕಳಿಸ್ತಾರೋ ಇಲ್ವೋ' ಅನ್ನುವ ಅರ್ಥದ ಉತ್ತರ ಬಂತಂತೆ.

15ನೇ ವಯಸ್ಸಿಗೆ ಕ್ರಿಯೇಟಿವ್ ಕಾಮನ್ಸ್ ಕೆಲಸ. ಕಾನೂನು ಪ್ರಾಧ್ಯಾಪಕ ಲಾರೆನ್ಸ್ ಲೆಸಿಗ್ ಮತ್ತು ಗೆಳೆಯರು ಶುರುಮಾಡಿದ್ದು ಇದು. ನನ್ನ ಬರಹವನ್ನು ನೀವು ಬಳಸಿಕೊಳ್ಳಿ, ನನ್ನ ಹೆಸರು ಹಾಕಿದರೆ ಸಾಕು ಅಂತ ಬರೆದವರೇ ಮುಂಚಿತವಾಗಿ ಅನುಮತಿ ಕೊಡುವ ಏರ್ಪಾಡು. ಆ ಅನುಮತಿಯನ್ನು ಕಂಪ್ಯೂಟರ್ ಕೂಡ ಓದಿ ಅರ್ಥ ಮಾಡಿಕೊಳ್ಳಬೇಕಲ್ಲ, ಆ ಭಾಗ ಆರನ್‌ನ ಪಾಲಿಗೆ ಬಂತು. ಇದು ನಮಗೂ ತಲುಪಿದೆ. ಮೈಸೂರು ವಿಶ್ವವಿದ್ಯಾನಿಲಯದ ಕನ್ನಡ ವಿಶ್ವಕೋಶ ಇವತ್ತು ಕನ್ನಡ ವಿಕಿಸೋರ್ಸ್‌ನಲ್ಲಿ ಓದಲು ಸಿಗುತ್ತದೆ ಅಂದರೆ ಅದಕ್ಕೆ ಇಂಥದ್ದೇ ಮುಕ್ತ ಪರವಾನಗಿ ಕಾರಣ. ಆಮೇಲೆ ಜಾನ್ ಗ್ರೂಬರ್ ಜೊತೆ ಮಾರ್ಕ್‌ಡೌನ್, ಅಂದರೆ ಸಾದಾ ಅಕ್ಷರಗಳಲ್ಲೇ ಶೀರ್ಷಿಕೆ, ಪಟ್ಟಿ ಗುರುತು ಮಾಡಿ ಬರೆಯುವ ರೀತಿ. ನಿಮ್ಮ ಪ್ರಾಜೆಕ್ಟ್‌ನ ರೀಡ್‌ಮಿ ಫೈಲ್ ಬರೆಯುವುದು ಅದರಲ್ಲೇ ಅಲ್ವಾ?

ಸ್ಟ್ಯಾನ್‌ಫರ್ಡ್‌ಗೆ ಸೇರಿದ, ಒಂದು ವರ್ಷಕ್ಕೇ ಬಿಟ್ಟ. ಸ್ಟಾರ್ಟಪ್ ಶುರುಮಾಡಿದ. ಅದು ಜನ ಕೊಂಡಿ ಹಂಚಿಕೊಂಡು ಚರ್ಚೆ ಮಾಡುವ ರೆಡ್ಡಿಟ್ ತಾಣದ ಜೊತೆ ಸೇರಿತು. 2006ರ ಕೊನೆಗೆ ರೆಡ್ಡಿಟ್ ಅನ್ನು ದೊಡ್ಡ ಪತ್ರಿಕಾ ಕಂಪನಿಯೊಂದು ಕೊಂಡುಕೊಂಡಿತು. 20 ವರ್ಷಕ್ಕೇ ಕೈಯಲ್ಲಿ ದುಡ್ಡು. ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಆಫೀಸು. ಅವನಿಗೆ ಆ ಆಫೀಸು ಒಗ್ಗಲಿಲ್ಲ. ಕೆಲವೇ ತಿಂಗಳಲ್ಲಿ ಕೆಲಸದಿಂದ ಹೊರಗೆ ಬಂದ. ನಮ್ಮ ಊರಿನಲ್ಲಾದರೆ ಇಲ್ಲಿಗೇ ಕಥೆ ಮುಗಿಸಿ, 'ಇಷ್ಟು ಚಿಕ್ಕ ವಯಸ್ಸಿಗೆ ಕೋಟಿ ದುಡಿದ ಹುಡುಗ' ಅಂತ ಸನ್ಮಾನ ಮಾಡಿ ಕಳಿಸುತ್ತಿದ್ದೆವು. ನನ್ನ ಮಾತು ಶುರುವಾಗುವುದು ಇಲ್ಲಿಂದ.

2006ರಲ್ಲೇ ಅವನು ಮಾಡಿದ ಒಂದು ಸಣ್ಣ ಲೆಕ್ಕ ನೋಡೋಣ. ವಿಕಿಪೀಡಿಯವನ್ನು ಬರೆಯುವವರು ಯಾರು ಅನ್ನುವ ಪ್ರಶ್ನೆ. ಸ್ಥಾಪಕ ಜಿಮ್ಮಿ ವೇಲ್ಸ್ ತಮ್ಮ ಭಾಷಣಗಳಲ್ಲಿ ಒಂದು ಅಂಕಿ ಹೇಳುತ್ತಿದ್ದರು. ಒಟ್ಟು ತಿದ್ದುಪಡಿಗಳಲ್ಲಿ ಅರ್ಧಕ್ಕಿಂತ ಹೆಚ್ಚು ಮಾಡಿರುವುದು ಬರೀ 524 ಜನ, ಅಂದರೆ ಬಳಕೆದಾರರಲ್ಲಿ ಶೇ 0.7ರಷ್ಟು ಮಂದಿ. ಲಕ್ಷಾಂತರ ಅಪರಿಚಿತರು ಸೇರಿ ಬರೆಯುತ್ತಾರೆ ಅನ್ನೋದು ಸುಮ್ನೆ ಮಾತು, ನಿಜಕ್ಕೂ ಬರೆಯುತ್ತಿರುವುದು ಒಬ್ಬರಿಗೊಬ್ಬರು ಪರಿಚಯ ಇರುವ ಒಂದು ಗುಂಪು ಅನ್ನುವುದು ಅವರ ವಾದ.

ಅಂಕಿ ಸರಿಯಾಗಿಯೇ ಇತ್ತು. ಆರನ್‌ಗೆ ಅನುಮಾನ ಬಂದದ್ದು ಎಣಿಸಿದ ವಸ್ತುವಿನ ಬಗ್ಗೆ. ವೇಲ್ಸ್ ಎಣಿಸಿದ್ದು ತಿದ್ದುಪಡಿಗಳನ್ನು. ಒಬ್ಬ ಒಂದು ಅಲ್ಪವಿರಾಮ ಸರಿಮಾಡಿದರೂ ಒಂದು ತಿದ್ದುಪಡಿ. ಇನ್ನೊಬ್ಬ ಕೂತು ಐದು ಪ್ಯಾರಾ ಹೊಸದಾಗಿ ಬರೆದರೂ ಒಂದೇ ತಿದ್ದುಪಡಿ. ಸರಿ, ತಿದ್ದುಪಡಿ ಬಿಟ್ಟು ಅಕ್ಷರ ಎಣಿಸೋಣ ಅಂದುಕೊಂಡ. ಅಲನ್ ಆಲ್ಡಾ ಅನ್ನುವ ನಟನ ಬಗೆಗಿನ ಲೇಖನ ತೆಗೆದುಕೊಂಡು, ಈಗ ಅದರಲ್ಲಿ ಉಳಿದಿರುವ ಒಂದೊಂದು ಅಕ್ಷರವನ್ನೂ ಮೊದಲು ಸೇರಿಸಿದವರು ಯಾರು ಅಂತ ಹುಡುಕುವ ಪ್ರೋಗ್ರಾಂ ಬರೆದ. ಚಿತ್ರ ತಲೆಕೆಳಗಾಯಿತು. ವಿಷಯದ ಬಹುಪಾಲು ಬರೆದಿದ್ದು ಹೊರಗಿನವರು. ಎಲ್ಲೋ ಒಮ್ಮೆ ಬಂದು ಬರೆದುಹೋದವರು, ಎಷ್ಟೋ ಸಲ ಖಾತೆಯನ್ನೂ ತೆರೆಯದವರು. ಒಳಗಿನ ಗುಂಪು ಮಾಡುತ್ತಿದ್ದುದು ಕಾಗುಣಿತ ತಿದ್ದುವುದು, ವರ್ಗ ಸೇರಿಸುವುದು, ಎಲ್ಲ ಲೇಖನಗಳನ್ನೂ ಒಂದೇ ಅಚ್ಚಿಗೆ ತರುವುದು. ಬೇರೆ ಲೇಖನಗಳನ್ನು ತೆಗೆದು ನೋಡಿದಾಗಲೂ ಇದೇ ಕಂಡಿತು.

ಇದರಿಂದ ಏನಾಯಿತು ಅಂತೀರಾ? ಒಳಗಿನ 500 ಜನರೇ ಬರೆಯುತ್ತಾರೆ ಅಂತ ನಂಬಿದರೆ ನೀವು ಸಾಫ್ಟ್‌ವೇರನ್ನು, ನಿಯಮಗಳನ್ನು ಆ 500 ಜನರಿಗೆ ಅನುಕೂಲವಾಗುವ ಹಾಗೆ ಮಾಡುತ್ತೀರಿ. ಹೊಸಬರು ಬಂದರೆ ಕಿರಿಕಿರಿ ಅನ್ನಿಸುತ್ತದೆ. ಹೊಸಬರೇ ಬರೆಯುವುದು ಅಂತ ಗೊತ್ತಾದರೆ ಬಾಗಿಲು ಬೇರೆ ಥರ ಇಡುತ್ತೀರಿ. ಕನ್ನಡ ವಿಕಿಪೀಡಿಯದಲ್ಲಿ ನೀವು ನಿಮ್ಮೂರ ಜಾತ್ರೆಯ ಬಗ್ಗೆ ಬರೆಯಲು ಹೋಗಿ, ಮೊದಲ ದಿನವೇ ಉಲ್ಲೇಖ ಇಲ್ಲ ಅಂತ ಯಾರೋ ಅಳಿಸಿಹಾಕಿದ್ದರೆ ನಾನು ಹೇಳುತ್ತಿರುವುದು ಏನು ಅಂತ ನಿಮಗೆ ಅರ್ಥವಾಗುತ್ತದೆ. ಅಳಿಸಿದವರದ್ದೂ ತಪ್ಪಲ್ಲ, ನಿಯಮ ಇದೆ. ಪ್ರಶ್ನೆ ನಿಯಮ ಯಾರನ್ನು ಕಣ್ಣಮುಂದೆ ಇಟ್ಟುಕೊಂಡು ಮಾಡಿದ್ದು ಅನ್ನೋದು. ಅಂದಹಾಗೆ, ಆರನ್ ಆಗ ವಿಕಿಪೀಡಿಯವನ್ನು ನಡೆಸುವ ವಿಕಿಮೀಡಿಯ ಸಂಸ್ಥೆಯ ಆಡಳಿತ ಮಂಡಳಿಯ ಚುನಾವಣೆಗೆ ನಿಂತಿದ್ದ. ಈ ಲೆಕ್ಕ ಹಾಕಿದ್ದು ಆ ಸಮಯದಲ್ಲೇ. ಸೋತ. ಇಷ್ಟು ಚೆನ್ನಾಗಿ ಲೆಕ್ಕ ಹಾಕುವವರನ್ನು ಚುನಾವಣೆಯಲ್ಲಿ ಗೆಲ್ಲಿಸುವ ವಾಡಿಕೆ ಎಲ್ಲೂ ಇಲ್ಲ ಅಂತ ಕಾಣುತ್ತದೆ.

ಈಗ ನನಗೆ ತುಂಬ ಇಷ್ಟವಾದ ಕಥೆಗೆ ಬರುತ್ತೇನೆ. ಅಮೆರಿಕದ ಫೆಡರಲ್ ಕೋರ್ಟ್‌ಗಳ ದಾಖಲೆಗಳು ಪೇಸರ್ ಅನ್ನುವ ಸರ್ಕಾರಿ ವ್ಯವಸ್ಥೆಯಲ್ಲಿ ಇವೆ. ಅರ್ಜಿ, ತಕರಾರು, ಆದೇಶ ಎಲ್ಲ. ಇವುಗಳಿಗೆ ಸರ್ಕಾರದ ಕಾಪಿರೈಟ್ ಇಲ್ಲ, ಸಾರ್ವಜನಿಕ ಆಸ್ತಿ. ಆದರೆ ನೋಡಬೇಕಾದರೆ ಪುಟಕ್ಕೆ ಇಷ್ಟು ಅಂತ ದುಡ್ಡು ಕೊಡಬೇಕು. 2008ರಲ್ಲಿ ಪುಟಕ್ಕೆ 8 ಸೆಂಟ್ ಇತ್ತು. ಆಗಿನ ಲೆಕ್ಕದಲ್ಲಿ ಮೂರೂವರೆ ರೂಪಾಯಿ. ಹುಡುಕಿದಾಗ ಬರುವ ಪಟ್ಟಿಗೂ ಚಾರ್ಜು.

ಇದೇನು ಮಹಾ ಅನ್ನಿಸಬಹುದು. ನಮ್ಮಲ್ಲಿ ಮಾಹಿತಿ ಹಕ್ಕಿನಲ್ಲಿ ಅರ್ಜಿಗೆ 10 ರೂಪಾಯಿ, ಪುಟಕ್ಕೆ 2 ರೂಪಾಯಿ ಕೊಡುತ್ತೇವಲ್ಲ. ಒಂದು ಕೇಸ್ ನೋಡುವವನಿಗೆ ಏನೂ ತೊಂದರೆಯಿಲ್ಲ. ಆದರೆ ಒಂದೇ ಥರದ ಅಪರಾಧಕ್ಕೆ ಬೇರೆ ಬೇರೆ ಊರಿನ ನ್ಯಾಯಾಧೀಶರು ಬೇರೆ ಬೇರೆ ಶಿಕ್ಷೆ ಕೊಡುತ್ತಾರಾ ಅಂತ ನೋಡಬೇಕು ಅಂದುಕೊಳ್ಳಿ. ಆಗ ಸಾವಿರಾರು ಕೇಸ್ ಬೇಕು, ಲಕ್ಷಾಂತರ ಪುಟ. ಒಬ್ಬ ಸಂಶೋಧಕ, ಒಬ್ಬ ಪತ್ರಕರ್ತ, ಒಬ್ಬ ವಿದ್ಯಾರ್ಥಿ ಎಲ್ಲಿಂದ ತರಬೇಕು ಅಷ್ಟು ದುಡ್ಡು? ಒಂದೊಂದೇ ಪುಟ ನೋಡಲು ಸಿಕ್ಕಿದರೆ ಒಂದು ಕೇಸ್ ಮಾತ್ರ ಕಾಣುತ್ತದೆ. ಕೋರ್ಟ್ ಕಾಣಬೇಕಾದರೆ ಎಲ್ಲ ಒಟ್ಟಿಗೆ ಬೇಕು. ನಮ್ಮ ಇ-ಕೋರ್ಟ್ಸ್ ತಾಣದಲ್ಲಿ ಆದೇಶಗಳು ಪುಕ್ಕಟೆ ಸಿಗುತ್ತವೆ, ಅದನ್ನು ಮೆಚ್ಚಲೇಬೇಕು. ಒಂದೊಂದಕ್ಕೂ ಕ್ಯಾಪ್ಚಾ ತುಂಬುತ್ತಾ ಕೂರಬೇಕು ಅಷ್ಟೇ.

ಟೀಕೆ ಬಂದಾಗ ಅಮೆರಿಕದ ಕೋರ್ಟ್ ಆಡಳಿತ ಏನು ಮಾಡಿತು ಅಂದರೆ, ದೇಶದ 17 ಲೈಬ್ರರಿಗಳಲ್ಲಿ ಪ್ರಾಯೋಗಿಕವಾಗಿ ಪೇಸರ್ ಉಚಿತ ಅಂತ ಘೋಷಿಸಿತು. ಅಷ್ಟು ದೊಡ್ಡ ದೇಶಕ್ಕೆ 17. ಅಲ್ಲಿಗೇ ಹೋಗಿ ಕೂತು ನೋಡಬೇಕು. ಸರ್ಕಾರಿ ದಾಖಲೆಗಳನ್ನು ಜನರಿಗೆ ಬಿಡಿಸಿಕೊಡುವುದನ್ನೇ ಜೀವನದ ಕೆಲಸ ಮಾಡಿಕೊಂಡಿರುವ ಕಾರ್ಲ್ ಮಾಲಮುಡ್ ಅನ್ನುವವರು ಒಂದು ಕರೆ ಕೊಟ್ಟರು: ಆ ಲೈಬ್ರರಿಗಳಿಗೆ ಹೋಗಿ, ಆದಷ್ಟು ಇಳಿಸಿಕೊಂಡು ಬನ್ನಿ, ಎಲ್ಲರಿಗೂ ಹಂಚೋಣ.

ಆರನ್ ಲೈಬ್ರರಿಯಲ್ಲಿ ಕೂರಲಿಲ್ಲ. ಲೈಬ್ರರಿಯ ಲಾಗಿನ್ ವಿವರ ಬಳಸಿ ಅಮೆಜಾನ್ ಕ್ಲೌಡ್‌ನಿಂದ ಒಂದು ಪರ್ಲ್ ಸ್ಕ್ರಿಪ್ಟ್ ಓಡಿಸಿದ. ಅದರೊಳಗೆ ಏನಿರುತ್ತದೆ ಹೇಳಿ? ಒಂದು ಲೂಪ್. ಮುಂದಿನ ಕಡತದ ನಂಬರ್ ತಗೋ, ಕೇಳು, ಬಂದದ್ದನ್ನು ಉಳಿಸು, ಮತ್ತೆ ಮುಂದಿನದು. ಮೂರು ಸೆಕೆಂಡಿಗೆ ಒಂದು ಕೋರಿಕೆ ಹೋಗುತ್ತಿತ್ತು ಅಂತ ಆಮೇಲೆ ಅಮೆರಿಕದ ತನಿಖಾ ಸಂಸ್ಥೆ ಎಫ್‌ಬಿಐ ಬರೆದುಕೊಂಡಿದೆ. 2008ರ ಸೆಪ್ಟೆಂಬರ್‌ನಲ್ಲಿ ಕೆಲವೇ ವಾರಗಳ ಕೆಲಸ. ಒಟ್ಟು ಸುಮಾರು 2 ಕೋಟಿ ಪುಟ ಹೊರಗೆ ಬಂತು. ಎಫ್‌ಬಿಐ ಕಡತದ ಪ್ರಕಾರ 1.8 ಕೋಟಿಗಿಂತ ಹೆಚ್ಚು, ಬೆಲೆ ಸುಮಾರು 15 ಲಕ್ಷ ಡಾಲರ್. ಪುಟಕ್ಕೆ 8 ಸೆಂಟ್‌ನಂತೆ ನೀವೇ ಗುಣಿಸಿ ನೋಡಿ, ಹೊಂದುತ್ತದೆ. ಆಮೇಲೆ ಯಾರಿಗೋ ಎಚ್ಚರವಾಯಿತು. ಉಚಿತ ಪ್ರಯೋಗವನ್ನೇ ನಿಲ್ಲಿಸಿಬಿಟ್ಟರು.

ಸಾಮಾನ್ಯವಾಗಿ ಈ ಕಥೆಯನ್ನು ಇಲ್ಲಿಗೆ ನಿಲ್ಲಿಸಿ ಚಪ್ಪಾಳೆ ತಟ್ಟುತ್ತಾರೆ. ಆದರೆ ಸ್ಕ್ರಿಪ್ಟ್ ನಿಂತ ಮೇಲೆ ನಡೆದದ್ದನ್ನು ಗಮನಿಸಿ. ಮಾಲಮುಡ್ ಆ ಪುಟಗಳನ್ನೆಲ್ಲ ಜಾಲಾಡಿದರು. ಜನರ ಸೋಷಿಯಲ್ ಸೆಕ್ಯುರಿಟಿ ನಂಬರ್, ಇನ್ನಿತರ ಖಾಸಗಿ ವಿವರಗಳನ್ನು ಅಳಿಸದೆ ಹಾಗೆಯೇ ಬಿಟ್ಟಿದ್ದು ಕಣ್ಣಿಗೆ ಬಿತ್ತು. ನಿಯಮದ ಪ್ರಕಾರ ಅವನ್ನು ಮುಚ್ಚಬೇಕಿತ್ತು. ಯಾವ ಕೋರ್ಟ್‌ನ ಯಾವ ಕಡತದಲ್ಲಿ ಏನು ತಪ್ಪಾಗಿದೆ ಅಂತ ಪಟ್ಟಿ ಮಾಡಿ ಆಯಾ ಕೋರ್ಟ್‌ನ ಮುಖ್ಯ ನ್ಯಾಯಾಧೀಶರಿಗೆ ಪತ್ರ ಬರೆದರು. ಅಲ್ಲಿಯತನಕ 'ಕದ್ದವರು' ಅನ್ನಿಸಿಕೊಂಡವರು ಒಮ್ಮೆಗೇ ಕೋರ್ಟ್‌ಗಳ ಲೋಪ ತೋರಿಸಿಕೊಟ್ಟವರಾದರು. 2009ರಲ್ಲಿ ಸೆನೆಟರ್ ಜೋ ಲೀಬರ್‌ಮನ್ ಈ ಶುಲ್ಕ ಯಾಕೆ ಅಂತ ಕೋರ್ಟ್ ಆಡಳಿತವನ್ನು ಕೇಳಿ ಪತ್ರ ಬರೆದರು. ಅದೇ ವರ್ಷ ಪ್ರಿನ್ಸ್‌ಟನ್ ವಿಶ್ವವಿದ್ಯಾಲಯದ ಕೆಲವರು ಬ್ರೌಸರ್‌ಗೆ ಒಂದು ಸಣ್ಣ ಎಕ್ಸ್‌ಟೆನ್ಷನ್ ಮಾಡಿದರು. ಅದರ ಹೆಸರು ರೀಕ್ಯಾಪ್. ನೀವು ದುಡ್ಡು ಕೊಟ್ಟು ಒಂದು ದಾಖಲೆ ತೆಗೆದರೆ ಅದರ ಒಂದು ಪ್ರತಿ ಸಾರ್ವಜನಿಕ ಸಂಗ್ರಹಕ್ಕೂ ಹೋಗುತ್ತದೆ. ಮುಂದೆ ಅದೇ ದಾಖಲೆ ಬೇಕಾದವರು ದುಡ್ಡು ಕೊಡಬೇಕಿಲ್ಲ. ದಾಖಲೆಗೆ ಸರ್ಕಾರದ ಕಾಪಿರೈಟ್ ಇಲ್ಲವಲ್ಲ. ಇವತ್ತಿಗೂ ಅದು ಕೆಲಸ ಮಾಡುತ್ತಿದೆ.

ಪೇಸರ್ ಶುಲ್ಕದ ಮೇಲೆ ಕೇಸು ಬಿತ್ತು. ಆ ದುಡ್ಡನ್ನು ಕೋರ್ಟ್ ಹಾಲ್‌ಗಳ ಪರದೆ, ಆಡಿಯೊ ಥರದ ಬೇರೆ ಖರ್ಚಿಗೆ ಹಾಕಿದ್ದು ಸರಿಯಲ್ಲ ಅಂತ ತೀರ್ಪು ಬಂತು. ಕೊನೆಗೆ 12.5 ಕೋಟಿ ಡಾಲರ್ ಕೊಡುವ ರಾಜಿಗೆ 2024ರಲ್ಲಿ ಒಪ್ಪಿಗೆ ಸಿಕ್ಕಿತು. ಹಾಗಂತ ಗೆದ್ದೇಬಿಟ್ಟರು ಅಂದುಕೊಳ್ಳಬೇಡಿ. ಶುಲ್ಕ ಈಗಲೂ ಇದೆ, 8 ಹೋಗಿ 10 ಸೆಂಟ್ ಆಗಿದೆ. ಕಡಿಮೆ ಬಳಸುವವರಿಗೆ ವಿನಾಯಿತಿ ಇದೆ.

ಎಫ್‌ಬಿಐ ಅಂದೆನಲ್ಲ, ಅದರದೂ ಒಂದು ಸ್ವಾರಸ್ಯ ಇದೆ. ಅವರು ಆರನ್ ಮೇಲೆ ತನಿಖೆ ಮಾಡಿದರು, ಕೇಸ್ ಹಾಕದೆ ಮುಚ್ಚಿದರು. ಆರನ್ ಏನು ಮಾಡಿದ ಗೊತ್ತಾ? ಅಮೆರಿಕದ ಮಾಹಿತಿ ಹಕ್ಕು ಕಾನೂನಿನಡಿ ತನ್ನ ಮೇಲಿನ ಕಡತವನ್ನೇ ಕೊಡಿ ಅಂತ ಅರ್ಜಿ ಹಾಕಿದ. ಬಂತು. ಅವನ ಅಪ್ಪ ಅಮ್ಮನ ಮನೆ ನೋಡಲು ಏಜೆಂಟ್ ಹೋಗಿದ್ದ ಅಂತ ಅದರಲ್ಲಿತ್ತು. ಮನೆ ರಸ್ತೆಯಿಂದ ಒಳಗಿದೆ, ಸುತ್ತ ಮರಗಳಿವೆ, ಮುಂದೆ ದಾರಿ ಇಲ್ಲದ ರಸ್ತೆ, ಗಮನಕ್ಕೆ ಬಾರದಂತೆ ಕಾವಲು ಕೂರುವುದು ಕಷ್ಟ ಅಂತೆಲ್ಲ ಬರೆದುಕೊಂಡಿದ್ದರು. ಇವನು ಅದನ್ನು ಬ್ಲಾಗ್‌ನಲ್ಲಿ ಹಾಕಿ ಎಲ್ಲರಿಗೂ ತೋರಿಸಿದ.

ಮಾಲಮುಡ್ ಹೆಸರು ನೆನಪಿಟ್ಟುಕೊಳ್ಳಿ, ನಮಗೂ ಸಂಬಂಧ ಇದೆ. ಭಾರತದ ಹಳೆಯ ಪುಸ್ತಕಗಳನ್ನು ಸ್ಕ್ಯಾನ್ ಮಾಡಿ ಇಂಟರ್ನೆಟ್ ಆರ್ಕೈವ್‌ಗೆ ಸೇರಿಸುವ ಕೆಲಸಕ್ಕೆ ಆಮೇಲೆ ಅವರು ಕೈಹಾಕಿದರು. ಬೆಂಗಳೂರಿನಲ್ಲೂ ಆ ಕೆಲಸ ನಡೆದಿದೆ. ಅಂಗಡಿಯಲ್ಲಿ ಸಿಗದ ಹಳೆ ಕನ್ನಡ ಪುಸ್ತಕ ಆರ್ಕೈವ್‌ನಲ್ಲಿ ಸಿಕ್ಕಿತು ಅಂತ ನಿಮ್ಮಲ್ಲಿ ಯಾರಾದರೂ ಖುಷಿಪಟ್ಟಿದ್ದರೆ, ಅದರ ಹಿಂದೆ ಇಂಥವರ ಶ್ರಮ ಇದೆ.

ಸರಿ, ಮುಂದೆ ಹೋಗೋಣ. 2010ರ ಹೊತ್ತಿಗೆ ಆರನ್ ಪೂರ್ತಿ ರಾಜಕೀಯದ ಕಡೆ ತಿರುಗಿದ್ದ. ಪಾರ್ಟಿ ರಾಜಕೀಯ ಅಂತ ಅಲ್ಲ. ಒಂದು ಮಸೂದೆ ಹೇಗೆ ಹುಟ್ಟುತ್ತದೆ, ಯಾರು ಯಾರಿಗೆ ಫೋನ್ ಮಾಡಿದರೆ ಯಾರು ಮನಸ್ಸು ಬದಲಿಸುತ್ತಾರೆ, ಇವೆಲ್ಲ ಕಲಿಯತೊಡಗಿದ್ದ. ಆ ವರ್ಷ ಸೆಪ್ಟೆಂಬರ್‌ನಲ್ಲಿ ಸೆನೆಟ್‌ಗೆ ಒಂದು ಮಸೂದೆ ಬಂತು. ಪೈರಸಿ ತಡೆಯುವ ಹೆಸರಿನಲ್ಲಿ ಇಡೀ ವೆಬ್‌ಸೈಟ್‌ಗಳನ್ನೇ ಜನರಿಂದ ಮರೆಮಾಡಿಸುವ ಅಧಿಕಾರ ಅದರಲ್ಲಿತ್ತು. ಆರನ್ ಮತ್ತು ಡೇವಿಡ್ ಸೀಗಲ್ ಒಂದು ಮನವಿ ಬರೆದು ಸಹಿ ಸಂಗ್ರಹಿಸಿದರು. ಡಿಮ್ಯಾಂಡ್ ಪ್ರೋಗ್ರೆಸ್ ಅನ್ನುವ ಸಂಘಟನೆ ಬೆಳೆದಿದ್ದು ಅಲ್ಲಿಂದ. ಸಹಿ ಲಕ್ಷ ದಾಟಿದವು. ಆದರೂ ಸೆನೆಟ್ ಸಮಿತಿಯಲ್ಲಿ ಮಸೂದೆ 19–0ಯಲ್ಲಿ ಪಾಸಾಯಿತು. ಒಬ್ಬರೂ ವಿರೋಧಿಸಲಿಲ್ಲ! ಆಮೇಲೆ ರಾನ್ ವೈಡನ್ ಅನ್ನುವ ಒಬ್ಬ ಸೆನೆಟರ್ ತಡೆಹಿಡಿದದ್ದರಿಂದ ಅದು ಆ ಸಲಕ್ಕೆ ನಿಂತಿತು. ಮರುವರ್ಷ ಬೇರೆ ಹೆಸರಿನಲ್ಲಿ ಮತ್ತೆ ಬಂತು. ಸೆನೆಟ್‌ನಲ್ಲಿ ಪಿಪಾ, ಕೆಳಮನೆಯಲ್ಲಿ ಸೋಪಾ.

ನಿಮ್ಮಂಥ ತಂತ್ರಜ್ಞರು ಇಲ್ಲಿ ಏನು ಮಾಡಿದರು ಅನ್ನೋದು ಮುಖ್ಯ. ಹೊಸ ತಂತ್ರಜ್ಞಾನ ಏನೂ ಕಂಡುಹಿಡಿಯಲಿಲ್ಲ. ಫೋನ್ ಮಾಡಿಸಿದರು. ವೆಬ್‌ಸೈಟ್‌ನಲ್ಲಿ ನಿಮ್ಮ ವಿಳಾಸ, ಫೋನ್ ನಂಬರ್ ತುಂಬಿದರೆ ನಿಮ್ಮ ಫೋನ್ ರಿಂಗ್ ಆಗುತ್ತದೆ, ಏನು ಹೇಳಬೇಕು ಅಂತ ಅರ್ಧ ನಿಮಿಷ ವಿವರಣೆ ಬರುತ್ತದೆ, ಆಮೇಲೆ ನೇರ ನಿಮ್ಮ ಕ್ಷೇತ್ರದ ಸಂಸದರ ಆಫೀಸಿಗೆ ಲೈನ್. 2011ರ ನವೆಂಬರ್‌ನಲ್ಲಿ ಟಂಬ್ಲರ್ ತಾಣ ಇಂಥದ್ದೊಂದನ್ನು ಹಾಕಿದಾಗ ಹೋದ ಕರೆಗಳು 87,834. ಸಂಸದರ ಆಫೀಸಿನಲ್ಲಿ ಫೋನ್ ಎತ್ತುವ ಹುಡುಗರ ಪಾಡು ನೆನಪಿಸಿಕೊಳ್ಳಿ. ಇಮೇಲ್ ಬಂದರೆ ಓದದೆ ಇಡಬಹುದು. ಫೋನ್ ರಿಂಗ್ ಆಗುತ್ತಲೇ ಇದ್ದರೆ ಸಂಸದರಿಗೆ ಹೇಳಲೇಬೇಕು. 2012ರ ಜನವರಿ 18ರಂದು ಇಂಗ್ಲಿಷ್ ವಿಕಿಪೀಡಿಯ ಇಡೀ ದಿನ ಕಪ್ಪಾಯಿತು. ಇನ್ನೂ ಸಾವಿರಾರು ತಾಣಗಳು ಜೊತೆಗೂಡಿದವು. ಎರಡು ದಿನದಲ್ಲಿ ಎರಡೂ ಮಸೂದೆಗಳನ್ನು ಬದಿಗಿಟ್ಟರು.

ಇದನ್ನು ಆರನ್ ಒಬ್ಬನೇ ಮಾಡಿದ ಅಂತ ಹೇಳುವುದು ಸುಳ್ಳು. ಗೂಗಲ್‌ನಂಥ ದೊಡ್ಡ ಕಂಪನಿಗಳೂ ಇದ್ದವು, ಅವರಿಗೆ ಅವರದೇ ಲಾಭದ ಲೆಕ್ಕ ಇತ್ತು. ಆದರೆ ಯಾರಿಗೂ ಸುಳಿವಿಲ್ಲದಾಗ ಮೊದಲು ಕೂಗು ಹಾಕಿದ ಕೆಲವರಲ್ಲಿ ಇವನು ಒಬ್ಬ.

ಈಗ ಕಷ್ಟದ ಭಾಗ. 2010ರ ಸೆಪ್ಟೆಂಬರ್ ಕೊನೆಯಲ್ಲಿ, ಅಂದರೆ ಆ ಮನವಿ ಓಡಾಡುತ್ತಿದ್ದ ಕಾಲದಲ್ಲೇ, ಆರನ್ ಅಮೆರಿಕದ ಹೆಸರಾಂತ ವಿಶ್ವವಿದ್ಯಾಲಯ ಎಂಐಟಿಯ ನೆಟ್‌ವರ್ಕ್‌ನಿಂದ ಜೆಸ್ಟೋರ್‌ನ ಲೇಖನಗಳನ್ನು ಇಳಿಸತೊಡಗಿದ. ಜೆಸ್ಟೋರ್ ಅಂದರೆ ವಿದ್ವತ್ ಪತ್ರಿಕೆಗಳ ದೊಡ್ಡ ಡಿಜಿಟಲ್ ಸಂಗ್ರಹ. ವಿಶ್ವವಿದ್ಯಾಲಯಗಳು ಚಂದಾ ಕಟ್ಟುತ್ತವೆ, ಒಳಗಿದ್ದವರಿಗೆ ಎಲ್ಲ ಸಿಗುತ್ತದೆ, ಹೊರಗಿನವರು ದುಡ್ಡು ಕೊಡಬೇಕು. ಇಲ್ಲೂ ಅದೇ ಲೂಪ್. ಜೆಸ್ಟೋರ್ ಒಂದು ವಿಳಾಸ ತಡೆದರೆ ಇವನು ಇನ್ನೊಂದು ಬಳಸಿದ. ಕೊನೆಗೆ ಎಂಐಟಿ ಕಟ್ಟಡವೊಂದರ ನೆಲಮಾಳಿಗೆಯ ವೈರಿಂಗ್ ಕೋಣೆಯಲ್ಲಿ ಲ್ಯಾಪ್‌ಟಾಪ್ ನೇರವಾಗಿ ಜೋಡಿಸಿ, ಮೇಲೆ ಒಂದು ಡಬ್ಬ ಮುಚ್ಚಿ ಬಂದ. ಅದು ಗೊತ್ತಾಗಿ ಅಲ್ಲಿ ಕ್ಯಾಮೆರಾ ಇಡಲಾಯಿತು. ಸೈಕಲ್ ಹೆಲ್ಮೆಟ್‌ನಿಂದ ಮುಖ ಮರೆಮಾಡಿಕೊಂಡು ಒಳಗೆ ಬರುವ ಹುಡುಗ ಅದರಲ್ಲಿ ಸಿಕ್ಕಿದ. 2011ರ ಜನವರಿ 6ರಂದು ಬಂಧನ. ಇಳಿಸಿದ್ದು ಸುಮಾರು 48 ಲಕ್ಷ ಲೇಖನ, ದಾಖಲೆಗಳು.

ಏನು ಮಾಡಬೇಕು ಅಂತಿದ್ದ? ಎಲ್ಲರಿಗೂ ಹಂಚಲು ಅಂತ ಸರ್ಕಾರಿ ವಕೀಲರು ವಾದಿಸಿದರು. 2008ರಲ್ಲಿ ಅವನು ಮುಕ್ತ ಜ್ಞಾನದ ಬಗ್ಗೆ ಬರೆದ ಒಂದು ಉಗ್ರ ಬರಹವನ್ನು ಅದಕ್ಕೆ ಸಾಕ್ಷಿಯಾಗಿ ತೋರಿಸಹೊರಟರು. ಆದರೆ ಅವನು ಹಂಚಿರಲಿಲ್ಲ. ಅದಕ್ಕೂ ಮುಂಚೆ ಒಮ್ಮೆ ಅವನು 4 ಲಕ್ಷಕ್ಕೂ ಹೆಚ್ಚು ಕಾನೂನು ಲೇಖನಗಳನ್ನು ರಾಶಿ ಹಾಕಿಕೊಂಡು, ಯಾವ ಸಂಶೋಧನೆಗೆ ಯಾವ ಕಂಪನಿ ದುಡ್ಡು ಕೊಟ್ಟಿದೆ ಅಂತ ಹುಡುಕುವ ಕೆಲಸದಲ್ಲಿ ನೆರವಾಗಿದ್ದ. ಇದೂ ಹಾಗೆಯೇ ಇರಬಹುದಿತ್ತು.

ಜೆಸ್ಟೋರ್ ಡೇಟಾ ವಾಪಸ್ ಪಡೆದು, ನಮ್ಮ ಕಡೆಯಿಂದ ಮುಗಿಯಿತು ಅಂದಿತು. ಸರ್ಕಾರ ಬಿಡಲಿಲ್ಲ. ಮೊದಲು 4 ಆರೋಪ, 2012ರ ಸೆಪ್ಟೆಂಬರ್‌ಗೆ 13 ಆರೋಪ. ಗರಿಷ್ಠ 35 ವರ್ಷ ಜೈಲು, 10 ಲಕ್ಷ ಡಾಲರ್ ದಂಡ ಆಗಬಹುದು ಅಂತ 2011ರಲ್ಲೇ ಪತ್ರಿಕಾ ಹೇಳಿಕೆ ಕೊಟ್ಟಿದ್ದರು. ಅಪರಾಧ ಒಪ್ಪಿಕೊಂಡರೆ 6 ತಿಂಗಳು ಅನ್ನುವ ಮಾತೂ ಬಂತು. ಅವನು ಒಪ್ಪಲಿಲ್ಲ. ಕೇಸಿನ ಬೆನ್ನೆಲುಬಾಗಿದ್ದ ಕಂಪ್ಯೂಟರ್ ದುರ್ಬಳಕೆ ಕಾನೂನು ಜಾರಿಯಾದದ್ದು 1986ರ ಅಕ್ಟೋಬರ್‌ನಲ್ಲಿ, ಅವನು ಹುಟ್ಟುವುದಕ್ಕೆ ಸುಮಾರು ಮೂರು ವಾರ ಮುಂಚೆ. ವೆಬ್ ಅನ್ನೋದೇ ಇಲ್ಲದಾಗ ಬರೆದ ಕಾನೂನು. 'ಅನುಮತಿ ಮೀರಿ ಬಳಸುವುದು' ಅಂದರೇನು ಅಂತ ಅದರಲ್ಲಿ ಸ್ಪಷ್ಟವಿರಲಿಲ್ಲ. 2021ರಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಬೇರೊಂದು ಕೇಸಿನಲ್ಲಿ ಅದರ ವ್ಯಾಪ್ತಿಯನ್ನು ಕಿರಿದು ಮಾಡಿತು.

ನಮ್ಮಲ್ಲಿ ಏನು ಕಥೆ ಅಂತ ಕೇಳಿದರೆ, 2000ದ ಮಾಹಿತಿ ತಂತ್ರಜ್ಞಾನ ಕಾಯ್ದೆಯ 43ನೇ ಸೆಕ್ಷನ್ ಓದಿ. ಮಾಲೀಕರ ಅನುಮತಿ ಇಲ್ಲದೆ ಡೇಟಾ ಇಳಿಸಿಕೊಳ್ಳುವುದೂ ಅದರಲ್ಲಿ ಸೇರಿದೆ. ಮೋಸದ ಉದ್ದೇಶ ಇತ್ತು ಅಂತಾದರೆ 66ನೇ ಸೆಕ್ಷನ್ ಪ್ರಕಾರ 3 ವರ್ಷದ ತನಕ ಜೈಲು. ನಿಮ್ಮಲ್ಲಿ ಸ್ಕ್ರೇಪರ್, ಅಂದರೆ ತಾಣಗಳಿಂದ ತಾನಾಗಿಯೇ ಡೇಟಾ ಇಳಿಸುವ ಪ್ರೋಗ್ರಾಂ, ಬರೆಯುವವರು ಒಮ್ಮೆ ಓದಿಟ್ಟುಕೊಳ್ಳುವುದು ಒಳ್ಳೆಯದು.

ಪೇಸರ್ ಮತ್ತು ಜೆಸ್ಟೋರ್ ಎರಡನ್ನೂ ಪಕ್ಕಪಕ್ಕ ಇಟ್ಟು ನೋಡಿ. ಕೋಡ್ ಹೆಚ್ಚುಕಡಿಮೆ ಒಂದೇ. ಮಾಡಿದವನೂ ಒಬ್ಬನೇ. ಆದರೆ ಪೇಸರ್‌ನಲ್ಲಿ ದಾಖಲೆ ಸಾರ್ವಜನಿಕ ಆಸ್ತಿ, ಬಹಿರಂಗವಾಗಿ ಕೊಟ್ಟ ಕರೆ, ಬಂದದ್ದನ್ನು ಏನು ಮಾಡಬೇಕು ಅಂತ ಗೊತ್ತಿದ್ದ ಹಿರಿಯರು, ಪತ್ರ ಬರೆಯುವವರು, ಕೇಳುವ ಸೆನೆಟರ್ ಎಲ್ಲ ಇದ್ದರು. ಜೆಸ್ಟೋರ್‌ನಲ್ಲಿ ಒಬ್ಬ ಹುಡುಗ, ಒಂದು ಲ್ಯಾಪ್‌ಟಾಪ್, ಒಂದು ಕತ್ತಲೆ ಕೋಣೆ. ಅವನ ಸಿಟ್ಟು ನ್ಯಾಯವಾದದ್ದೇ ಅಂತ ನನ್ನ ಅಭಿಪ್ರಾಯ. ಸರ್ಕಾರ ನಡೆದುಕೊಂಡ ರೀತಿಗೂ ಅಪರಾಧಕ್ಕೂ ತಾಳೆಯೇ ಆಗುವುದಿಲ್ಲ. ಆದರೂ ಕೆಲಸವಾಗಿ ನೋಡಿದರೆ ಇದು ಅವನ ಉಳಿದ ಕೆಲಸಗಳ ಹಾಗೆ ಇಲ್ಲ. ಜನರನ್ನು ಜೊತೆಗೆ ಕರೆದುಕೊಂಡು ಹೋಗುವುದನ್ನು ಅಷ್ಟು ಚೆನ್ನಾಗಿ ಕಲಿತಿದ್ದವನು ಇಲ್ಲಿ ಮಾತ್ರ ಯಾಕೆ ಒಬ್ಬನೇ ಹೋದ?

2013ರ ಜನವರಿ 11ರಂದು ನ್ಯೂಯಾರ್ಕ್‌ನಲ್ಲಿ ಅವನು ಆತ್ಮಹತ್ಯೆ ಮಾಡಿಕೊಂಡ. ಇದರ ಬಗ್ಗೆ ನಾನು ಜಾಸ್ತಿ ಮಾತಾಡುವುದಿಲ್ಲ. ಕೇಸಿನ ಭಾರ ಇತ್ತು. ಖಿನ್ನತೆಯ ಬಗ್ಗೆ ಅವನೇ ಎಷ್ಟೋ ವರ್ಷ ಮುಂಚೆ ಬರೆದುಕೊಂಡಿದ್ದ. ಒಂದೇ ಕಾರಣ ಹಿಡಿದು ಹೇಳುವುದು ಸುಲಭ, ಸರಿಯಲ್ಲ. ಅದನ್ನು ತ್ಯಾಗ ಅಂತ ಕರೆಯುವವರ ಮೇಲೆ ನನಗೆ ಸಿಟ್ಟಿದೆ. ಅವನು ಬದುಕಿರಬೇಕಿತ್ತು, ಅಷ್ಟೇ. ನಿಮ್ಮಲ್ಲಿ ಯಾರಿಗಾದರೂ ತಡೆಯಲಾಗದಷ್ಟು ಕಷ್ಟ ಅನ್ನಿಸುತ್ತಿದ್ದರೆ ಟೆಲಿ ಮಾನಸ್ ಇದೆ, ನಂಬರ್ 14416, ಕನ್ನಡದಲ್ಲೇ ಮಾತಾಡಬಹುದು. ಬರೆದಿಟ್ಟುಕೊಳ್ಳಿ. ನಿಮಗೆ ಬೇಡವಾದರೂ ರೂಮ್‌ಮೇಟ್‌ಗೆ ಬೇಕಾಗಬಹುದು.

ಅವನು ಜಗಳವಾಡಿದ ಚಂದಾ ವ್ಯವಸ್ಥೆ ಈಗ ಎಲ್ಲಿಗೆ ಬಂದಿದೆ? ಅಮೆರಿಕದಲ್ಲಿ ಸರ್ಕಾರದ ದುಡ್ಡಿನಲ್ಲಿ ಮಾಡಿದ ಸಂಶೋಧನೆಯನ್ನು ತಡಮಾಡದೆ ಎಲ್ಲರಿಗೂ ತೆರೆದಿಡಬೇಕು ಅಂತ 2022ರಲ್ಲಿ ಶ್ವೇತಭವನದಿಂದ ಸೂಚನೆ ಹೋಯಿತು. ನಮ್ಮಲ್ಲಿ 2024ರ ನವೆಂಬರ್‌ನಲ್ಲಿ 'ಒಂದು ದೇಶ, ಒಂದು ಚಂದಾ' ಯೋಜನೆಗೆ ಕೇಂದ್ರ ಸಂಪುಟ ಒಪ್ಪಿತು. ಮೂರು ವರ್ಷಕ್ಕೆ 6,000 ಕೋಟಿ ರೂಪಾಯಿ, 30 ಪ್ರಕಾಶಕರ ಸುಮಾರು 13,000 ವಿದ್ವತ್ ಪತ್ರಿಕೆಗಳು, ಓದಲು ಸಿಗುವುದು 6,300 ಸರ್ಕಾರಿ ಸಂಸ್ಥೆಗಳಿಗೆ. ತಾಲ್ಲೂಕು ಕೇಂದ್ರದ ಸರ್ಕಾರಿ ಕಾಲೇಜಿನ ಹುಡುಗಿಗೂ ಐಐಎಸ್‌ಸಿಯವರು ಓದುವ ಪತ್ರಿಕೆ ಸಿಗುವುದು ದೊಡ್ಡ ವಿಷಯವೇ. ಆದರೆ ಇದು ಬಾಗಿಲು ತೆರೆದದ್ದಲ್ಲ, ನಮ್ಮೆಲ್ಲರ ಪರವಾಗಿ ಸರ್ಕಾರ ಟಿಕೆಟ್ ಕೊಂಡದ್ದು. ಖಾಸಗಿ ಕಾಲೇಜಿನಲ್ಲಿ ಓದುವವರು, ಕಾಲೇಜು ಬಿಟ್ಟವರು, ಊರಿನ ಡಾಕ್ಟರು ಹೊರಗೇ ಉಳಿದರು.

ಯಾರೋ ಹಿಂದಿನ ಸಾಲಿನಿಂದ ಕೇಳಿದರು, 'ಹಾಗಾದ್ರೆ ನಾವು ಫೈನಲ್ ಇಯರ್ ಪ್ರಾಜೆಕ್ಟ್‌ಗೆ ಏನು ಮಾಡೋಣ ಸರ್?' ಒಳ್ಳೆ ಪ್ರಶ್ನೆ. ನನ್ನ ಹತ್ತಿರ ಒಂದು ಸಲಹೆ ಇದೆ, ಬಹಳ ಬೋರಿನದ್ದು. ನಮ್ಮಲ್ಲಿ ಸರ್ಕಾರಿ ಆದೇಶ, ಸುತ್ತೋಲೆ, ವರದಿಗಳ ಎಷ್ಟೋ ಪಿಡಿಎಫ್ ಆನ್‌ಲೈನ್‌ನಲ್ಲಿ ಪುಕ್ಕಟೆ ಸಿಗುತ್ತವೆ. ತೆರೆದರೆ ಕನ್ನಡ ಚೆನ್ನಾಗಿಯೇ ಕಾಣುತ್ತದೆ. ಒಂದು ಸಾಲು ಕಾಪಿ ಮಾಡಿ ಬೇರೆ ಕಡೆ ಅಂಟಿಸಿ ನೋಡಿ. ಅರ್ಥವಿಲ್ಲದ ಇಂಗ್ಲಿಷ್ ಅಕ್ಷರಗಳ ರಾಶಿ ಬರುತ್ತದೆ. ಎಲ್ಲ ಕಂಪ್ಯೂಟರ್‌ಗಳೂ ಒಂದೇ ಥರ ಓದುವ ಯೂನಿಕೋಡ್ ಬಿಟ್ಟು ಹಳೆ ನುಡಿ ಫಾಂಟ್‌ನಲ್ಲಿ ಟೈಪ್ ಮಾಡಿರುತ್ತಾರೆ. ಅಂದರೆ ದಾಖಲೆ ಎಲ್ಲರ ಕಣ್ಣೆದುರಿಗೆ ಇದೆ, ಹುಡುಕಿದರೆ ಮಾತ್ರ ಸಿಗುವುದಿಲ್ಲ. ನಿಮ್ಮೂರಿನ ಹೆಸರು ಯಾವ ಆದೇಶದಲ್ಲಿದೆ ಅಂತ ಗೂಗಲ್‌ಗೂ ಗೊತ್ತಾಗುವುದಿಲ್ಲ.

ಇವನ್ನು ಯೂನಿಕೋಡ್‌ಗೆ ಬದಲಿಸಿ ಹುಡುಕಲು ಸಿಗುವ ಹಾಗೆ ಮಾಡಿ. ಇದರಲ್ಲಿ ಯಾರ ಅನುಮತಿ ಮೀರುವುದೂ ಬೇಕಿಲ್ಲ. ಒಂದೇ ಇಲಾಖೆ ಹಿಡಿಯಿರಿ. ಮೊದಲು ಆ ಇಲಾಖೆಯ ಆದೇಶಗಳು ದಿನಾ ಬೇಕಾಗುವ ಒಬ್ಬರನ್ನು ಹುಡುಕಿ. ಪಂಚಾಯಿತಿ ಸದಸ್ಯರೋ, ಆಶಾ ಕಾರ್ಯಕರ್ತೆಯೋ, ಮೇಷ್ಟ್ರೋ. ಅವರು ಏನು ಹುಡುಕುತ್ತಾರೆ ಅಂತ ಅವರ ಪಕ್ಕದಲ್ಲೇ ಕೂತು ನೋಡಿ, ಆಮೇಲೆ ಲ್ಯಾಪ್‌ಟಾಪ್ ತೆಗೆಯಿರಿ. ಹಳೆ ಫಾಂಟ್ ಅನ್ನು ಯೂನಿಕೋಡ್‌ಗೆ ಬದಲಿಸುವ ಪರಿವರ್ತಕಗಳು ಉಚಿತವಾಗಿಯೇ ಇವೆ, ಹೊಸದಾಗಿ ಬರೆಯಬೇಡಿ, ಇರುವುದನ್ನು ಪರೀಕ್ಷಿಸಿ. ಎಡವುವುದು ಒತ್ತಕ್ಷರದಲ್ಲಿ, ಅದರಲ್ಲೂ ಅರ್ಕಾವೊತ್ತಿನಲ್ಲಿ. ಹಳೆ ಫಾಂಟ್‌ನಲ್ಲಿ ಅದು ಅಕ್ಷರದ ನಂತರ ಕೂತಿರುತ್ತದೆ, ಯೂನಿಕೋಡ್‌ನಲ್ಲಿ ಮುಂಚೆ ಬರಬೇಕು. ಪರಿವರ್ತಕ ಅದನ್ನು ಹಿಂದಕ್ಕೆ ಎಳೆದು ಕೂರಿಸಬೇಕು. ಸರಿಯಾಗಿ ಕೂರಿಸಿದೆಯಾ ಅಂತ ನೋಡಲು ಬೇರೆ ಪದ ಹುಡುಕಬೇಕಿಲ್ಲ. ಸರ್ಕಾರಿ ಆದೇಶದ ಮೊದಲ ಸಾಲಿನಲ್ಲೇ 'ಕರ್ನಾಟಕ ಸರ್ಕಾರ' ಅಂತ ಇರುತ್ತದೆ.